ಪತ್ತನಾಜೆಯೊಳಗೆ (ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ದಿನ) ಕಾರು ರೆಡಿಯಾಗಬೇಕು: ಶಾಲೆಯೂ ಮಳೆಯೂ ಒಟ್ಟಿಗೆ ಬರುವ ನಮ್ಮ ಊರಿನಲ್ಲಿ ನೀವು ಏನೆಲ್ಲ ನೋಡಿಕೊಳ್ಳುತ್ತೀರಿ?

ಪೆರ್ಲದ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಗಳು ಈ ವರ್ಷ ಐದನೆಯ ಕ್ಲಾಸು, ಮಗ ಒಂದನೆಯ ಕ್ಲಾಸಿಗೆ ಸೇರುತ್ತಾನೆ. ಇಬ್ಬರನ್ನೂ ಬದಿಯಡ್ಕದಲ್ಲಿ ಬಿಟ್ಟು ನಾನು ಕೆಲಸಕ್ಕೆ ಹೋಗಬೇಕು. ಕಾರು ಸಣ್ಣದು, ಒಂಬತ್ತು ವರ್ಷ ಆಗಿದೆ.

ಕಳೆದ ವರ್ಷ ನಡೆದದ್ದನ್ನು ಮೊದಲು ಹೇಳುತ್ತೇನೆ. ಮೇ ತಿಂಗಳ ಕೊನೆಗೆ ಕಾರನ್ನು ಸರ್ವಿಸ್‌ಗೆ ಕೊಟ್ಟಿದ್ದೆ. ಆಯಿಲ್ ಹಾಕಿದರು, ಫಿಲ್ಟರ್ ಹಾಕಿದರು, ತೊಳೆದು ಪಾಲಿಶ್ ಮಾಡಿ ಕೊಟ್ಟರು. ಎಂಟು ಸಾವಿರ ಆಯಿತು. ಇನ್ನು ಒಂದು ವರ್ಷ ಚಿಂತೆಯಿಲ್ಲ ಅಂದುಕೊಂಡೆ. ಶಾಲೆ ಶುರುವಾದ ಮೂರನೆಯ ದಿನ ಬೆಳಿಗ್ಗೆ ಜೋರು ಮಳೆ. ವೈಪರ್ ಓಡುತ್ತಿತ್ತು, ಆದರೆ ನೀರನ್ನು ತೆಗೆಯುವ ಬದಲು ಗ್ಲಾಸಿನ ಮೇಲೆ ಸವರುತ್ತಿತ್ತು. ಒಳಗೆ ನಾವು ನಾಲ್ಕು ಜನ, ಒದ್ದೆ ಕೊಡೆ, ಒದ್ದೆ ರೈನ್‌ಕೋಟು. ಗ್ಲಾಸಿಗೆ ಒಳಗಿನಿಂದ ಹಬೆ ಕಟ್ಟಿತು. ಒಂದು ಕೈಯಲ್ಲಿ ಬೈರಾಸು ಹಿಡಿದು ಒರೆಸುತ್ತಾ ತಿರುವಿಗೆ ಬಂದೆ. ನಿಂತಿದ್ದ ಆಟೋ ಕಂಡದ್ದು ಮೂಗಿನ ಎದುರಿಗೆ ಬಂದ ಮೇಲೆ. ಬ್ರೇಕ್ ಹಾಕಿದರೆ ಕಾರು ನಿಲ್ಲಲಿಲ್ಲ, ಜಾರಿತು. ಎಡಕ್ಕೆ ಎಳೆದೆ. ಒಂದು ಚಕ್ರ ಚರಂಡಿಗೆ ಇಳಿದು ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮಗಳು ಒಂದು ವಾರ ಕಾರು ಹತ್ತುವ ಮೊದಲು ನನ್ನ ಮುಖ ನೋಡುತ್ತಿದ್ದಳು. "ಅಪ್ಪಾ, ಇವತ್ತು ಮಳೆ ಬರುತ್ತಾ?" ಎಂದು ಕೇಳುತ್ತಿದ್ದಳು.

ಆಮೇಲೆ ಆ ಬಿಲ್ಲನ್ನು ತೆಗೆದು ನೋಡಿದೆ. ಅದರಲ್ಲಿ ವೈಪರ್ ಇಲ್ಲ, ಟಯರಿನ ಮಾತಿಲ್ಲ. ನಾನೂ ಕೇಳಿರಲಿಲ್ಲ. ಅಂದರೆ ಮಳೆಗೆ ಬೇಕಾದದ್ದನ್ನು ಬಿಟ್ಟು ಬೇರೆಲ್ಲ ಮಾಡಿಸಿದ್ದೆ.

ನಮ್ಮ ಕಡೆ ಶಾಲೆ ಬಾಗಿಲು ತೆರೆಯುವುದು ಜೂನ್ 1ರ ಹೊತ್ತಿಗೆ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನವೂ ಜೂನ್ 1. 2025ರಲ್ಲಂತೂ ಮೇ 24ಕ್ಕೇ ಬಂದುಬಿಟ್ಟಿತು. ಪತ್ತನಾಜೆಗೆ ಮೊದಲು ಸೌದೆ ಒಳಗೆ ಹಾಕುತ್ತೇವೆ, ಹಪ್ಪಳ ಒಣಗಿಸಿ ಡಬ್ಬಿಗೆ ತುಂಬುತ್ತೇವೆ, ಮಾಡಿನ ಹಂಚು ಸರಿ ಮಾಡುತ್ತೇವೆ. ಕಾರಿಗೂ ಹಾಗೆಯೇ ಒಂದು ದಿನ ಬೇಕು ಅಂತ ನನಗೆ ಅನಿಸಿದೆ. ನಿಮ್ಮ ಅನುಭವ ಹೇಳಿ. ಖರ್ಚು ಎಲ್ಲಿ ಮಾಡಬೇಕು, ಎಲ್ಲಿ ಬೇಡ?

ಕುಂಬಳೆ ಮೆಕ್ಯಾನಿಕ್

ಅಣ್ಣ, ನೀವು ಬರೆದದ್ದು ಓದಿ ಬೇಜಾರಾಯಿತು. ಪ್ರತಿ ಜೂನ್‌ನಲ್ಲಿ ನಮ್ಮ ಶೆಡ್‌ಗೆ ಇಂಥ ಗಾಡಿಗಳು ಬರುತ್ತವೆ. ಬಂಪರ್ ಒಡೆದಿರುತ್ತದೆ, ಹಿಂದಿನ ಸೀಟಿನಲ್ಲಿ ಪುಸ್ತಕದ ಬ್ಯಾಗು ಹಾಗೆಯೇ ಇರುತ್ತದೆ. ಹದಿನೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಟಯರು. ಮಳೆಯಲ್ಲಿ ಕಾರನ್ನು ನಿಲ್ಲಿಸುವುದು ಟಯರು. ಬ್ರೇಕ್ ನಿಲ್ಲಿಸುವುದು ಚಕ್ರವನ್ನು ಮಾತ್ರ. ಟಯರಿನ ಮೇಲಿನ ಆಳದ ಸಾಲುಗಳು ಇರುವುದೇ ಅಡಿಯ ನೀರನ್ನು ಬದಿಗೆ ತಳ್ಳಲಿಕ್ಕೆ. ಸಾಲು ಸವೆದರೆ ನೀರಿಗೆ ಹೋಗಲು ದಾರಿಯಿಲ್ಲ, ಟಯರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಕಾನೂನು ಪ್ರಕಾರ ಆಳ 1.6 ಮಿಲಿಮೀಟರ್ ಇದ್ದರೆ ಸಾಕು. ಸಾಲಿನ ಒಳಗೆ ಸಣ್ಣ ದಿಬ್ಬಗಳಿರುತ್ತವೆ, ಟಯರು ಅಷ್ಟರವರೆಗೆ ಸವೆದರೆ ಅದರ ಆಯುಷ್ಯ ಮುಗಿಯಿತು ಎಂದು ಅರ್ಥ. ಆದರೆ ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯಬೇಡಿ. 3 ಮಿಲಿಮೀಟರ್‌ಗೆ ಬಂದರೆ ಬದಲಿಸಿ. ಅಳೆಯುವ ಸಣ್ಣ ಗೇಜ್ ಅಂಗಡಿಯಲ್ಲಿ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ.

ಸಾಲು ಚೆನ್ನಾಗಿದ್ದರೂ ಟಯರು ಹಳೆಯದಾಗಿರಬಹುದು. ಮನೆಯಲ್ಲೇ ಜಾಸ್ತಿ ನಿಲ್ಲುವ ಕಾರುಗಳಲ್ಲಿ ಇದು ತುಂಬ ಕಾಣುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಅಚ್ಚಾಗಿರುತ್ತದೆ. 2319 ಅಂತ ಇದ್ದರೆ 2019ನೆಯ ಇಸವಿಯ 23ನೆಯ ವಾರ ತಯಾರಾದದ್ದು. ರಬ್ಬರು ಹಳೆಯದಾದರೆ ಗಟ್ಟಿಯಾಗುತ್ತದೆ, ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಅಂಥದ್ದು ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ.

ಗಾಳಿ. ಎಷ್ಟು ಹಾಕಬೇಕು ಅಂತ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇದೆ. ಬೆಳಿಗ್ಗೆ ಟಯರು ತಣ್ಣಗಿರುವಾಗ ನೋಡಿ. ಮಳೆಗಾಲ ಅಂತ ಗಾಳಿ ಕಡಿಮೆ ಹಾಕಿಸುವವರು ಇದ್ದಾರೆ, ಗ್ರಿಪ್ ಸಿಗುತ್ತದೆ ಅಂತ ನಂಬಿಕೆ. ಅದು ತಪ್ಪು. ಗಾಳಿ ಕಡಿಮೆಯಾದರೆ ಟಯರು ಇನ್ನೂ ಬೇಗ ನೀರಿನ ಮೇಲೆ ಏರುತ್ತದೆ.

ಇನ್ನು ವೈಪರ್. ಏಪ್ರಿಲ್, ಮೇ ಬಿಸಿಲಿಗೆ ಬ್ಲೇಡ್ ಒಣಗಿ ಗಟ್ಟಿಯಾಗಿರುತ್ತದೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಕಣ್ಣು ಮುಚ್ಚಿ ಬದಲಿಸಿ. ಹಿಂದಿನ ಗ್ಲಾಸಿನದ್ದನ್ನೂ ಮರೆಯಬೇಡಿ.

ಬ್ರೇಕ್ ಪ್ಯಾಡ್ ದಪ್ಪ 3 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬದಲಿಸಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕರಾವಳಿ ಗಾಳಿಯಲ್ಲಿ ಹೇಳುವುದೇ ಬೇಡ. ಇದನ್ನು ಕೇಳಿ ಮಾಡಿಸುವವರು ನೂರಕ್ಕೆ ಐದು ಜನ ಇಲ್ಲ ಅಂತ ನನ್ನ ಅಂದಾಜು.

ಪಾಲಿಶ್, ಕೋಟಿಂಗ್, ಸುಗಂಧ ಎಲ್ಲ ಈಗ ಬೇಡ. ಆ ದುಡ್ಡನ್ನು ಟಯರಿಗೆ ಹಾಕಿ.

ನೀರ್ಚಾಲು ಹುಡುಗ

ಅಣ್ಣ, ನನಗೆ ಈಗ ಎರಡೇ ಟಯರು ತೆಗೆಯಲು ಆಗುವುದು. ಮುಂದಿನ ಚಕ್ರಕ್ಕೆ ಹಾಕಿಸುವುದು ಅಲ್ವಾ? ಎಂಜಿನ್ ಎಳೆಯುವುದು ಮುಂದಿನ ಚಕ್ರ ತಾನೇ.

ಕುಂಬಳೆ ಮೆಕ್ಯಾನಿಕ್

ಎಲ್ಲರೂ ಹಾಗೆಯೇ ತಿಳಿದಿದ್ದಾರೆ. ಹೊಸತು ಎರಡನ್ನೂ ಹಿಂದಕ್ಕೆ ಹಾಕಿಸಿ. ಹಿಂದೆ ಇರುವುದರಲ್ಲಿ ಚೆನ್ನಾಗಿರುವುದನ್ನು ಮುಂದಕ್ಕೆ ತನ್ನಿ. ಕಾರಣ ಹೇಳುತ್ತೇನೆ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗಲು ನೋಡುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನ ಚಕ್ರ ಜಾರಿದರೆ ಇಡೀ ಕಾರು ಬುಗರಿಯ ಹಾಗೆ ತಿರುಗಿಬಿಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನನ್ನಿಂದಲೂ ಆಗದು, ನಿಮ್ಮಿಂದಲೂ ಆಗದು. ಮುಂದಿನವು ಪೂರ್ತಿ ಬೋಳಾಗಿದ್ದರೆ ಮಾತ್ರ ನಾಲ್ಕನ್ನೂ ಬದಲಿಸುವ ಬಗ್ಗೆ ಯೋಚಿಸಿ.

ನೀರ್ಚಾಲು ಹುಡುಗ

ಇದು ಗೊತ್ತೇ ಇರಲಿಲ್ಲ. ಧನ್ಯವಾದ ಅಣ್ಣ.

ಟೀಚರಮ್ಮ ಮಂಜೇಶ್ವರ

ನಾನು ಶಾಲೆಯ ಗೇಟಿನ ಕಡೆಯಿಂದ ನೋಡುವವಳು. ಹಾಗಾಗಿ ಕಾರಿನ ಒಳಗೆ ಕೂತವರ ಬಗ್ಗೆ ಹೇಳುತ್ತೇನೆ. ಬೆಳಿಗ್ಗೆ ಗೇಟಿನ ಹತ್ತಿರ ನಿಂತರೆ ಕಾಣುವುದು ಇಷ್ಟು: ಮುಂದಿನ ಸೀಟಿನಲ್ಲಿ ಅಜ್ಜಿ, ಅಜ್ಜಿಯ ಮಡಿಲಲ್ಲಿ ಯುಕೆಜಿ ಮಗು. ಹಿಂದೆ ಮೂವರು ಮಕ್ಕಳು ನಿಂತುಕೊಂಡು ಬರುತ್ತಿರುತ್ತಾರೆ. ಡ್ರೈವರ್ ಒಬ್ಬರಿಗೆ ಮಾತ್ರ ಬೆಲ್ಟು. ಅದೂ 2023ರ ಜೂನ್‌ನಲ್ಲಿ ರಸ್ತೆಗೆ ಕ್ಯಾಮೆರಾ ಬಂದ ಮೇಲೆ.

ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ ಅಂತ ಅಜ್ಜಿಗೆ ಧೈರ್ಯ. ಆದರೆ ಕಾರು ಗುದ್ದಿದ ಕ್ಷಣ ಯಾರ ಕೈಯೂ ಮಗುವನ್ನು ಹಿಡಿಯಲಾರದು. ಜೊತೆಗೆ ಮುಂದೆ ಏರ್‌ಬ್ಯಾಗ್ ಇದೆ. ಅದು ದೊಡ್ಡವರ ಎದೆಯ ಲೆಕ್ಕಕ್ಕೆ ಮಾಡಿದ್ದು, ಮಡಿಲಲ್ಲಿರುವ ಮಗುವಿನ ತಲೆಯ ಲೆಕ್ಕಕ್ಕೆ ಅಲ್ಲ. ದಯವಿಟ್ಟು ಮಕ್ಕಳನ್ನು ಹಿಂದೆ ಕೂರಿಸಿ.

ಕಾನೂನೂ ಇದೆ. 2019ರ ತಿದ್ದುಪಡಿಯಲ್ಲಿ ಬಂದದ್ದು. 14 ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. 2024ರ ಅಕ್ಟೋಬರ್‌ನಲ್ಲಿ ಕೇರಳದಲ್ಲಿ ಮಕ್ಕಳ ಸೀಟನ್ನು ಕಡ್ಡಾಯ ಮಾಡುತ್ತೇವೆ ಅಂತ ಹೇಳಿ ಆಮೇಲೆ ತಡೆದರು. ಸರ್ಕಾರ ತಡೆದಿದೆ ಅಂತ ನಾವು ಸುಮ್ನೆ ಇರಬೇಕಾಗಿಲ್ಲ ಅಲ್ವಾ?

ಪೆರ್ಲದ ಅಣ್ಣ, ನಿಮ್ಮ ಮಗ ಒಂದನೆಯ ಕ್ಲಾಸು ಅಂದಿರಿ. ಆ ವಯಸ್ಸಿನ ಮಗುವಿಗೆ ದೊಡ್ಡವರ ಬೆಲ್ಟು ಹಾಕಿದರೆ ಅದು ಕುತ್ತಿಗೆಗೆ ಬರುತ್ತದೆ. ಚುಚ್ಚುತ್ತದೆ ಅಂತ ಮಗು ಅದನ್ನು ಕಂಕುಳಿನ ಕೆಳಗೆ ಹಾಕಿಕೊಳ್ಳುತ್ತದೆ. ಅದು ಇನ್ನೂ ಅಪಾಯ. ಅದಕ್ಕೆ ಬೂಸ್ಟರ್ ಸೀಟು ಅಂತ ಇದೆ. ಮಗುವನ್ನು ಸ್ವಲ್ಪ ಎತ್ತರಕ್ಕೆ ಕೂರಿಸುತ್ತದೆ. ಬೆಲ್ಟಿನ ಮೇಲಿನ ಪಟ್ಟಿ ಭುಜದ ಮೇಲೆ ಬರಬೇಕು, ಕೆಳಗಿನದ್ದು ಹೊಟ್ಟೆಯ ಮೇಲೆ ಅಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಮಗುವಿನ ಎತ್ತರ 135 ಸೆಂಟಿಮೀಟರ್ ದಾಟುವವರೆಗೆ ಬೂಸ್ಟರ್ ಬೇಕು ಅಂತ ಲೆಕ್ಕ. ಮೇ ತಿಂಗಳಲ್ಲೇ ತಂದು ಸಂಜೆ ಅಂಗಡಿಗೆ ಹೋಗುವಾಗಲೆಲ್ಲ ಕೂರಿಸಿ ಅಭ್ಯಾಸ ಮಾಡಿಸಿ. ಜೂನ್ ಒಂದನೆಯ ತಾರೀಕು ಬೆಳಿಗ್ಗೆ ಹೊಸ ಯೂನಿಫಾರ್ಮು, ಹೊಸ ಟೀಚರು, ಅದರ ಮೇಲೆ ಹೊಸ ಸೀಟು ಅಂದರೆ ಮಗು ಅಳುತ್ತದೆ. ನೀವು ಅವಸರದಲ್ಲಿ ಸೀಟನ್ನು ಡಿಕ್ಕಿಗೆ ಹಾಕುತ್ತೀರಿ.

ಹಿಂದಿನ ಬಾಗಿಲುಗಳಿಗೆ ಚೈಲ್ಡ್ ಲಾಕ್ ಹಾಕಿಡಿ. ಮಕ್ಕಳು ಇಳಿಯುವುದು ಯಾವಾಗಲೂ ಎಡಗಡೆಯಿಂದ. ಬಲಗಡೆ ಬಾಗಿಲನ್ನು ಬೈಕಿನವರ ಮುಖಕ್ಕೆ ತೆರೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಮುಳ್ಳೇರಿಯದ ಮಾವ

ನಮ್ಮ ಕಾಲದಲ್ಲಿ ತೋಡು ದಾಟಿ ನಡೆದೇ ಹೋಗುತ್ತಿದ್ದೆವು. ಒಂದೂವರೆ ಕಿಲೋಮೀಟರಿಗೂ ಕಾರು ತೆಗೆಯುವುದು ಬೇಕಾ? ಶಾಲೆಯ ಎದುರು ಕಾರುಗಳೇ ತುಂಬಿ, ನಡೆದು ಬರುವ ಮಕ್ಕಳಿಗೆ ದಾರಿ ಇಲ್ಲದ ಹಾಗಾಗಿದೆ. ಇದನ್ನೂ ಯೋಚಿಸಬೇಕು.

ಟೀಚರಮ್ಮ ಮಂಜೇಶ್ವರ

ಮಾವ, ನೀವು ಹೇಳಿದ್ದು ನಿಜ. ಹತ್ತಿರದವರು ಮಕ್ಕಳನ್ನು ನಡೆಸಿಕೊಂಡೇ ಬರಲಿ. ಕಾರಿನವರು ಗೇಟಿಗೆ ತಾಗಿಸಿ ನಿಲ್ಲಿಸದೆ ಸ್ವಲ್ಪ ಆಚೆ ನಿಲ್ಲಿಸಿ, ಮಗುವಿನ ಕೈ ಹಿಡಿದು ಬರಲಿ. ಮಳೆಯಲ್ಲಿ ಕೊಡೆ ಹಿಡಿದ ಮಗುವಿಗೆ ಬದಿಯಿಂದ ಬರುವ ಗಾಡಿ ಕಾಣುವುದಿಲ್ಲ. ಗಾಡಿಯವರಿಗೂ ಕೊಡೆ ಕಾಣುತ್ತದೆ, ಮಗು ಕಾಣುವುದಿಲ್ಲ. ನೀಲಿ, ಕಪ್ಪು ರೈನ್‌ಕೋಟಿನ ಬದಲು ಹಳದಿಯದ್ದು ತೆಗೆದುಕೊಳ್ಳಿ ಅಂತ ನಾನು ಪ್ರತಿ ವರ್ಷ ಹೇಳುತ್ತೇನೆ.

ಪೆರ್ಲದ ಅಪ್ಪ

ಮಾವ, ನಮ್ಮದು ದೂರ. ಒಳದಾರಿಯಿಂದ ಮುಖ್ಯ ರಸ್ತೆಗೆ ಬರುವಲ್ಲಿ ಬಸ್ಸಿಲ್ಲ. ಅದಕ್ಕೇ ಕಾರು.

ಅಕ್ಕ, ಬೂಸ್ಟರ್ ವಿಷಯ ಇವತ್ತೇ ನೋಡುತ್ತೇನೆ. ಹಿಂದಿನ ಸೀಟಿನ ಬೆಲ್ಟಿನ ಬಕಲ್ ಎಲ್ಲಿದೆ ಅಂತ ಈಗ ಹೋಗಿ ಹುಡುಕಿದೆ. ಸೀಟ್ ಕವರಿನ ಅಡಿಯಲ್ಲಿ ಹೂತು ಹೋಗಿತ್ತು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ತೆಗೆದಿರಲಿಲ್ಲ.

ದೇಲಂಪಾಡಿ ಕೃಷಿಕ

ಹಲಸಿನ ಮರದ ಅಡಿಯಲ್ಲಿ ಕಾರು ನಿಲ್ಲಿಸುವವರು ಇದನ್ನು ಓದಿ. ಬಾನೆಟ್ ತೆರೆದು ಮುಂದಿನ ಗ್ಲಾಸಿನ ಬುಡದಲ್ಲಿ ನೋಡಿ. ವೈಪರ್ ಕೂತಿರುವ ಕಪ್ಪು ಪ್ಲಾಸ್ಟಿಕ್ಕಿನ ಅಡಿಯಲ್ಲಿ ನೀರು ಹರಿದು ಹೋಗಲು ತೂತುಗಳಿವೆ. ಎಲೆ, ಹೂವು, ಮಣ್ಣು ಸೇರಿ ಅದು ಕಟ್ಟಿಕೊಳ್ಳುತ್ತದೆ. ನನ್ನ ಕಾರಿನಲ್ಲಿ ಎರಡು ಹಿಡಿ ಗೊಬ್ಬರವೇ ಇತ್ತು, ಅದರಲ್ಲಿ ಸಣ್ಣ ಗಿಡ ಮೊಳೆತಿತ್ತು. ನೀರಿಗೆ ಹೋಗಲು ದಾರಿಯಿಲ್ಲದೆ ಬ್ಲೋವರ್ ಮೂಲಕ ಕಾರಿನ ಒಳಗೆ ಬಂತು. ಎಡಗಡೆ ಕಾಲಿಡುವಲ್ಲಿ ಚಾಪೆ ಅಡಿಯಲ್ಲಿ ನೀರು ನಿಂತು ಹದಿನೈದು ದಿನ ವಾಸನೆ. ಎಲ್ಲಿಂದ ಬರುತ್ತದೆ ಅಂತ ಗೊತ್ತಾಗದೆ ಬಾಗಿಲಿನ ರಬ್ಬರ್ ಎಲ್ಲ ಬದಲಿಸಿದೆ. ಕೊನೆಗೆ ಇದು ಸಿಕ್ಕಿತು.

ಬಾಗಿಲುಗಳ ಅಡಿಯ ಅಂಚಿನಲ್ಲೂ ಸಣ್ಣ ತೂತುಗಳಿವೆ. ತೆಂಗಿನ ಗರಿಯ ಕಡ್ಡಿ ಹಾಕಿ ಬಿಡಿಸಿ, ಅಷ್ಟೇ ಸಾಕು. ಸನ್‌ರೂಫ್ ಇರುವವರಿಗೆ ಅದರ ನಾಲ್ಕು ಮೂಲೆಯಲ್ಲೂ ನೀರಿನ ಕೊಳವೆ ಇರುತ್ತದೆ, ಅದನ್ನು ವರ್ಕ್‌ಶಾಪಿನವರೇ ನೋಡಲಿ.

ಇನ್ನೊಂದು ಇಲಿ. ಮಳೆ ಶುರುವಾದರೆ ತೋಟದ ಇಲಿಗಳಿಗೆ ಬೆಚ್ಚಗಿನ ಜಾಗ ಬೇಕು, ಎಂಜಿನ್ ಬೆಚ್ಚಗಿರುತ್ತದೆ. ಅಡಿಕೆ, ತೆಂಗಿನಕಾಯಿ ರಾಶಿ ಹಾಕುವ ಶೆಡ್ಡಿನಲ್ಲೇ ಕಾರು ನಿಲ್ಲಿಸುತ್ತಿದ್ದೆ. ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಲೈಟು ಉರಿಯಿತು. ವಯರು ಕಡಿದು ತುಂಡು ತುಂಡು. ಅದರ ರಿಪೇರಿಗೆ ಆದ ಖರ್ಚು ಬರೆಯಲು ಮನಸ್ಸಿಲ್ಲ. ಈಗ ಕಾರಿಗೆ ಬೇರೆ ಜಾಗ ಮಾಡಿದ್ದೇನೆ, ಒಳಗೆ ತಿಂಡಿಯ ಚೂರು ಬಿಡುವುದಿಲ್ಲ, ಎಂಜಿನ್ನಿನ ಅಡಿಗೆ ಜಾಲರಿ ಹಾಕಿಸಿದ್ದೇನೆ. ಎರಡು ದಿನಕ್ಕೊಮ್ಮೆ ಬಾನೆಟ್ ತೆರೆದು ನೋಡುತ್ತೇನೆ. ಮಕ್ಕಳ ಬುತ್ತಿಯಿಂದ ಬಿದ್ದ ಬಿಸ್ಕೆಟಿನ ಚೂರು ಸಾಕು, ಇಲಿ ದಾರಿ ಕಲಿಯುತ್ತದೆ.

ಕುಂಬಳೆ ಮೆಕ್ಯಾನಿಕ್

ಇವರು ಹೇಳಿದ ತೂತಿನ ವಿಷಯ ತುಂಬ ಮುಖ್ಯ. ಮಳೆಗಾಲದಲ್ಲಿ ಒಳಗೆ ನೀರು ಬಂತು ಅಂತ ಬರುವ ಕಾರುಗಳಲ್ಲಿ ಜಾಸ್ತಿ ಇದೇ ಕಾರಣ.

ತಲಪಾಡಿ ದಾಟುವವಳು

ನಮಗೆ ಇನ್ನೊಂದು ತೊಂದರೆ. ಮನೆ ವರ್ಕಾಡಿ ಕಡೆ, ಮಗ ಮಂಗಳೂರಿನಲ್ಲಿ ಓದುವುದು. ಕೇರಳದ ಶಾಲೆ ಜೂನ್‌ನಲ್ಲಿ ತೆರೆದರೆ ಕರ್ನಾಟಕದ್ದು ಮೇ ಕೊನೆಗೇ ತೆರೆಯುತ್ತದೆ. 2025ರಲ್ಲಿ ಮೇ 29ಕ್ಕೇ ಶುರುವಾಯಿತು. ಹಾಗಾಗಿ ನಮ್ಮ ಕೆಲಸ ಇನ್ನೂ ಬೇಗ ಮುಗಿಯಬೇಕು. ಕಾಗದಪತ್ರ ಎಲ್ಲ ಒಮ್ಮೆ ನೋಡಿಕೊಳ್ಳಿ. ಕೆಎಲ್ 14 (ಕಾಸರಗೋಡು ನೋಂದಣಿಯ) ಗಾಡಿ ದಿನಾ ಗಡಿ ದಾಟುವಾಗ ಹೊಗೆ ಸರ್ಟಿಫಿಕೇಟು, ಇನ್ಶೂರೆನ್ಸು ಸರಿಯಾಗಿದ್ದರೆ ನೆಮ್ಮದಿ. ಡಿಜಿಲಾಕರ್‌ನಲ್ಲಿ ಇಟ್ಟರೆ ಸಾಕು, ಒದ್ದೆಯಾಗುವ ಭಯವಿಲ್ಲ. 15 ವರ್ಷ ಆಗುತ್ತಾ ಬಂದ ಕಾರಾದರೆ ಆರ್‌ಸಿ ತಾರೀಕನ್ನೂ ನೋಡಿ.

ನನ್ನ ಪ್ರಶ್ನೆ ಹಬೆಯದ್ದು. ಬೇರೆ ಬೇರೆಯವರು ಬೇರೆ ಬೇರೆ ಹೇಳುತ್ತಾರೆ. ಒಬ್ಬರು ಎಸಿ ಹಾಕಿ ಅನ್ನುತ್ತಾರೆ, ಒಬ್ಬರು ಹೀಟರ್, ಇನ್ನೊಬ್ಬರು ಕಿಟಕಿ ತೆರೆಯಿರಿ. ಆಲೂಗಡ್ಡೆ ಉಜ್ಜಿ ಅಂದವರೂ ಇದ್ದಾರೆ. ಯಾವುದು ಸರಿ?

ಕುಂಬಳೆ ಮೆಕ್ಯಾನಿಕ್

ಅಕ್ಕ, ಹಬೆ ಒಳಗಿದೆಯೋ ಹೊರಗಿದೆಯೋ ಅಂತ ಮೊದಲು ಬೆರಳಿನಿಂದ ಮುಟ್ಟಿ ನೋಡಿ.

ಒಳಗಿದ್ದರೆ: ನಾಲ್ಕು ಜನರ ಉಸಿರು, ಒದ್ದೆ ಬಟ್ಟೆ, ಒದ್ದೆ ಮ್ಯಾಟಿನ ತೇವ ತಣ್ಣನೆಯ ಗ್ಲಾಸಿಗೆ ಕೂತಿದೆ. ಎಸಿ ಹಾಕಿ. ಎಸಿ ಗಾಳಿಯ ತೇವವನ್ನು ತೆಗೆಯುತ್ತದೆ. ಗಾಳಿ ಗ್ಲಾಸಿನ ಕಡೆಗೆ ಬರುವ ಹಾಗೆ ತಿರುಗಿಸಿ. ಒಳಗಿನ ಗಾಳಿಯೇ ಸುತ್ತುವ ಬಟನ್ ಇದೆಯಲ್ಲ, ಕಾರಿನೊಳಗೆ ಬಾಣ ಸುತ್ತುವ ಚಿತ್ರದ್ದು, ಅದನ್ನು ತೆಗೆದು ಹೊರಗಿನ ಗಾಳಿಗೆ ಹಾಕಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಧೂಳಿಗೆ ಅಂತ ಬೇಸಿಗೆಯಲ್ಲಿ ಹಾಕಿದ ಬಟನ್ ಜೂನ್‌ನಲ್ಲೂ ಹಾಗೆಯೇ ಇರುತ್ತದೆ. ಚಳಿಯಾದರೆ ಎಸಿ ಆನ್ ಇರುವಾಗಲೇ ಬಿಸಿ ಸ್ವಲ್ಪ ಜಾಸ್ತಿ ಮಾಡಿ, ಅದೂ ಕೆಲಸ ಮಾಡುತ್ತದೆ.

ಹೊರಗಿದ್ದರೆ: ಎಸಿ ತುಂಬಾ ತಂಪು ಮಾಡಿದ್ದೀರಿ ಅಂತ ಅರ್ಥ. ತಂಪು ಕಡಿಮೆ ಮಾಡಿ, ವೈಪರ್ ಒಮ್ಮೆ ಹಾಕಿ.

ಆಲೂಗಡ್ಡೆ ಬೇಡ. ರಾತ್ರಿ ಎದುರಿನ ಲೈಟು ಬಿದ್ದಾಗ ಗ್ಲಾಸೆಲ್ಲ ಕಲೆ ಕಾಣುತ್ತದೆ. ಗ್ಲಾಸಿನ ಒಳಭಾಗವನ್ನು ಚೆನ್ನಾಗಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಜಿಡ್ಡು, ಧೂಳು ಇದ್ದರೆ ಹಬೆ ಬೇಗ ಹಿಡಿಯುತ್ತದೆ. ಎಸಿಯ ಕ್ಯಾಬಿನ್ ಫಿಲ್ಟರ್ ಕಟ್ಟಿದ್ದರೂ ಗಾಳಿ ಸಾಕಾಗುವುದಿಲ್ಲ. ಅದು ಹೆಚ್ಚಿನ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಹಿಂದೆ ಇರುತ್ತದೆ, ನೀವೇ ತೆಗೆಯಬಹುದು.

ತಲಪಾಡಿ ದಾಟುವವಳು

ಆ ಬಟನ್ ನನ್ನ ಕಾರಿನಲ್ಲಿ ಮೂರು ವರ್ಷದಿಂದ ಆನ್ ಇದೆ! ಈಗ ಗೊತ್ತಾಯಿತು.

ನಾನು ಮಾಡುವ ಒಂದು ಉಪಾಯ: ಒದ್ದೆ ಕೊಡೆ, ರೈನ್‌ಕೋಟನ್ನು ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟೆಗೆ (ಚೀಲಕ್ಕೆ) ಹಾಕಿ ಬಾಯಿ ಕಟ್ಟಿ ಡಿಕ್ಕಿಗೆ ಹಾಕುತ್ತೇನೆ. ಒಳಗೆ ತೇವ ಕಡಿಮೆ.

ಉಪ್ಪಳದಿಂದ

ನೀರು ತುಂಬಿದ ರಸ್ತೆಯ ಬಗ್ಗೆ ಯಾರೂ ಹೇಳಲಿಲ್ಲ. ಹೆದ್ದಾರಿ ಆರು ಲೇನ್ ಆದ ಮೇಲೆ ನಮಗೆ ಊರೊಳಗೆ ಹೋಗಲು ಸರ್ವಿಸ್ ರಸ್ತೆಯೇ ಗತಿ. ಜೋರು ಮಳೆ ಬಂದರೆ ಕೆಲವು ಕಡೆ ನೀರು ನಿಲ್ಲುತ್ತದೆ. ಎರಡು ವರ್ಷದ ಹಿಂದೆ ಮಕ್ಕಳನ್ನು ಕರೆದುಕೊಂಡು ಬರಲು ತಡವಾಯಿತು ಅಂತ ಅದರಲ್ಲೇ ನುಗ್ಗಿಸಿದೆ. ಮಧ್ಯದಲ್ಲಿ ಆಫ್ ಆಯಿತು. ಗಾಬರಿಯಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಎಂಜಿನ್ ಒಳಗೆ ನೀರು ಹೋಗಿತ್ತು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಒಳಗಿನ ರಾಡ್ ಬಗ್ಗಿತು. ಎಂಜಿನ್ ಬಿಚ್ಚಿ ಕಟ್ಟಲು ಆದ ದುಡ್ಡಿನಲ್ಲಿ ಹಳೆಯ ಕಾರು ಒಂದು ಬರುತ್ತಿತ್ತು.

ಇನ್ಶೂರೆನ್ಸ್ ಸಿಗಲಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ನೀರು ಹೋಗಿ ಕೆಟ್ಟ ಎಂಜಿನ್ನಿನ ಖರ್ಚು ಸೇರುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆ್ಯಡ್-ಆನ್ ತೆಗೆದುಕೊಳ್ಳಬೇಕು. ಪಾಲಿಸಿ ಹೊಸತು ಮಾಡುವಾಗ ಒಂದು ಸಲ ಕೇಳಿ. ನಮ್ಮ ಊರಿನವರಿಗೆ ಅದು ಬೇಕು.

ಈಗ ನನ್ನ ಲೆಕ್ಕ ಹೀಗೆ: ಮುಂದೆ ಹೋಗುವ ಗಾಡಿಯ ಟಯರು ಅರ್ಧ ಮುಳುಗುತ್ತಿದ್ದರೆ ನಾನು ಹೋಗುವುದಿಲ್ಲ. ಎದುರಿಗೆ ಯಾವ ಗಾಡಿಯೂ ಇಲ್ಲದಿದ್ದರೆ ಆಳ ಗೊತ್ತಿಲ್ಲ, ಆಗಲೂ ಹೋಗುವುದಿಲ್ಲ. ಹರಿಯುವ ನೀರಿಗೆ ಎಷ್ಟೇ ಕಡಿಮೆ ಇದ್ದರೂ ಇಳಿಸುವುದಿಲ್ಲ. ಮಕ್ಕಳು ಶಾಲೆಯಲ್ಲೇ ಒಂದು ಗಂಟೆ ಕೂತರೆ ಏನಾಯಿತು? ತಡವಾದರೆ ಮಕ್ಕಳನ್ನು ಒಳಗೆ ಕೂರಿಸಿಕೊಳ್ಳಿ ಅಂತ ಶಾಲೆಗೆ ಮೊದಲೇ ಹೇಳಿಟ್ಟಿದ್ದೇನೆ.

ಕುಂಬಳೆ ಮೆಕ್ಯಾನಿಕ್

ನೀರು ದಾಟಿದ ಮೇಲೆ ನಿಧಾನ ಹೋಗುತ್ತಾ ಬ್ರೇಕನ್ನು ಮೂರು ನಾಲ್ಕು ಸಲ ಮೆಲ್ಲಗೆ ಒತ್ತಿ. ಒದ್ದೆ ಲೈನರ್ ಒಣಗುತ್ತದೆ. ಇಲ್ಲದಿದ್ದರೆ ಬೇಕಾದಾಗ ಬ್ರೇಕ್ ಹಿಡಿಯುವುದಿಲ್ಲ.

ಹೆದ್ದಾರಿಯಲ್ಲಿ ಕಾರು ನೀರಿನ ಮೇಲೆ ತೇಲಿದ ಹಾಗೆ, ಸ್ಟಿಯರಿಂಗ್ ಹಗುರವಾದ ಹಾಗೆ ಅನಿಸಿದರೆ ಬ್ರೇಕ್ ಒತ್ತಬೇಡಿ. ಕಾಲು ಆಕ್ಸಿಲರೇಟರ್‌ನಿಂದ ತೆಗೆಯಿರಿ, ಸ್ಟಿಯರಿಂಗ್ ನೇರ ಹಿಡಿಯಿರಿ. ಮಳೆಯಲ್ಲಿ ನಾಲ್ಕು ಇಂಡಿಕೇಟರ್ ಹಾಕಿಕೊಂಡು ಓಡಿಸುವವರು ತುಂಬ ಜನ ಇದ್ದಾರೆ. ಹಿಂದಿನವರಿಗೆ ನೀವು ಎತ್ತ ತಿರುಗುತ್ತೀರಿ ಅಂತ ಗೊತ್ತಾಗುವುದಿಲ್ಲ. ಹೆಡ್‌ಲೈಟು ಡಿಮ್ ಹಾಕಿ, ಸಾಕು.

ನೀರ್ಚಾಲು ಹುಡುಗ

ಬ್ಯಾಟರಿ?

ಕುಂಬಳೆ ಮೆಕ್ಯಾನಿಕ್

ಮೂರು ವರ್ಷ ದಾಟಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2ಕ್ಕೆ ಬಂದರೆ ಅರ್ಧ ಖಾಲಿ. ಮಳೆಗಾಲದಲ್ಲಿ ಲೈಟು, ವೈಪರು, ಎಸಿ, ಬ್ಲೋವರು ಎಲ್ಲ ಒಟ್ಟಿಗೆ ಓಡುತ್ತದೆ. ಶಾಲೆಗೆ ಹೋಗಿ ಬರುವ ಸಣ್ಣ ಓಟದಲ್ಲಿ ಬ್ಯಾಟರಿ ಪೂರ್ತಿ ತುಂಬುವುದಿಲ್ಲ.

ಹ್ಯಾಂಡ್‌ಬ್ರೇಕ್ ಬಗ್ಗೆ ಒಂದು ಮಾತು. ರಜೆ ಕೊಟ್ಟು ಎರಡು ಮೂರು ದಿನ ಕಾರು ಒದ್ದೆಯಲ್ಲಿ ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಹಿಂದಿನ ಡ್ರಮ್ಮಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಇಡಿ.

ಟೀಚರಮ್ಮ ಮಂಜೇಶ್ವರ

ರಜೆ ಅಂದಾಗ ನೆನಪಾಯಿತು. ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆಯ ಸಾಧ್ಯತೆ, ಆರೆಂಜ್ ಅಂದರೆ 115.6ರಿಂದ 204.4. ಜಿಲ್ಲಾಧಿಕಾರಿಯವರ ರಜೆಯ ಸುದ್ದಿ ಎಷ್ಟೋ ಸಲ ರಾತ್ರಿ ತಡವಾಗಿ ಬರುತ್ತದೆ, ಅದೂ ಮಲಯಾಳದಲ್ಲಿ. ಕನ್ನಡ ಮಾತ್ರ ಓದಲು ಬರುವ ಅಜ್ಜ ಅಜ್ಜಿ ಇರುವ ಮನೆಗಳಲ್ಲಿ ಗೊತ್ತೇ ಆಗುವುದಿಲ್ಲ. ಮಗುವನ್ನು ತಯಾರು ಮಾಡಿ ಹೊರಟುಬಿಡುತ್ತಾರೆ. ಈ ವರ್ಷ ನಾನು ಇಲ್ಲೇ ಕನ್ನಡದಲ್ಲಿ ಹಾಕುತ್ತೇನೆ. ಬೆಳಿಗ್ಗೆ ಹೊರಡುವ ಮೊದಲು ಒಮ್ಮೆ ನೋಡಿ.

ದೇಲಂಪಾಡಿ ಕೃಷಿಕ

ಒಳ್ಳೆಯ ಕೆಲಸ ಅಕ್ಕ. ಗಾಳಿ ಮಳೆಗೆ ದಾರಿಯಲ್ಲಿ ಮರ ಬಿದ್ದು ವಯರು ನೇತಾಡುತ್ತಿದ್ದರೆ ಯಾರೂ ಕಾರಿನಿಂದ ಇಳಿಯಬೇಡಿ, ಹಿಂದಕ್ಕೆ ತೆಗೆದು ಕೆಎಸ್‌ಇಬಿಗೆ (ಕೇರಳದ ವಿದ್ಯುತ್ ಮಂಡಳಿ) 1912ಕ್ಕೆ ಫೋನ್ ಮಾಡಿ. ನಮ್ಮ ಕಡೆ ಕಾಂಕ್ರೀಟ್ ಏರುಗಳಲ್ಲಿ ಪಾಚಿ ಹಿಡಿಯುತ್ತದೆ. ಜುಲೈಗೆ ಮೊದಲು ಅಕ್ಕಪಕ್ಕದವರು ಸೇರಿ ಉಜ್ಜಿ ತೆಗೆದರೆ ಎಲ್ಲರ ಗಾಡಿಗೂ ಒಳ್ಳೆಯದು.

ಪೆರ್ಲದ ಅಪ್ಪ

ಎಲ್ಲರಿಗೂ ಮನಸಾರೆ ಧನ್ಯವಾದ. ಈ ಶನಿವಾರ, ಭಾನುವಾರ ಕೂತು ಮಾಡಿದ್ದನ್ನು ಹೇಳುತ್ತೇನೆ.

ಟಯರು ಅಳೆದೆ. ಮುಂದಿನವು 4 ಮಿಲಿಮೀಟರ್, ಹಿಂದಿನವು 2. ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ. ಹಿಂದಕ್ಕೆ ಎರಡು ಹೊಸತು ಹಾಕಿಸಿದೆ. ಅಂಗಡಿಯವರು ಮುಂದಕ್ಕೆ ಹಾಕೋಣ ಅಂದರು, ಮೆಕ್ಯಾನಿಕ್ ಅಣ್ಣ ಹೇಳಿದ ಕಾರಣ ಹೇಳಿದೆ, ಒಪ್ಪಿದರು. ವೈಪರ್ ಮೂರೂ ಬದಲಾಯಿತು. ಬ್ರೇಕ್ ಆಯಿಲ್ ಯಾವಾಗ ಹಾಕಿದ್ದು ಅಂತ ಯಾವ ಬಿಲ್ಲಿನಲ್ಲೂ ಇಲ್ಲ, ಹಾಗಾಗಿ ಅದನ್ನೂ ಮಾಡಿಸಿದೆ. ಗ್ಲಾಸಿನ ಬುಡದಿಂದ ಒಂದು ಹಿಡಿ ಮಾವಿನ ಎಲೆ ತೆಗೆದೆ. ಈ ಸಲ ಪಾಲಿಶ್ ಮಾಡಿಸಲಿಲ್ಲ. ಡ್ರೈವರ್ ಕಡೆಯ ಮ್ಯಾಟು ಜಾರಿ ಪೆಡಲಿನ ಅಡಿಗೆ ಹೋಗುತ್ತಿತ್ತು, ಕೊಕ್ಕೆ ಇರುವ ಮ್ಯಾಟು ತಂದೆ. ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿತ್ತು. ಒದ್ದೆ ಚಪ್ಪಲಿ ಜಾರುತ್ತದೆ ಅಂತ ಅದನ್ನೂ ಬದಲಿಸಿದೆ, ನೂರು ರೂಪಾಯಿಯ ಒಳಗೆ ಆಯಿತು.

ಬೂಸ್ಟರ್ ಬಂತು. ಮಗನಿಗೆ ಎತ್ತರದಲ್ಲಿ ಕೂತು ಕಿಟಕಿಯಿಂದ ನೋಡಲು ಸಿಗುತ್ತದೆ ಅಂತ ಖುಷಿ. ಇಳಿಯುವುದೇ ಇಲ್ಲ ಅಂತ ಹಟ.

ಟೀಚರಮ್ಮ ಮಂಜೇಶ್ವರ

ತುಂಬಾ ಸಂತೋಷ ಆಯಿತು. ಮಗಳು ಹೇಗಿದ್ದಾಳೆ? ಈಗಲೂ ಹೆದರುತ್ತಾಳಾ?

ಪೆರ್ಲದ ಅಪ್ಪ

ಅಕ್ಕ, ಎರಡು ದಿನವೂ ಅವಳು ನನ್ನ ಜೊತೆಗೇ ಇದ್ದಳು. ಟಯರಿನ ಅಳತೆ ಓದಿ ಪುಸ್ತಕದಲ್ಲಿ ಬರೆದದ್ದು ಅವಳೇ. ನಿನ್ನೆ ಸಂಜೆ ನಾನು ಬ್ರೇಕ್ ಒತ್ತುವಾಗ ಹಿಂದೆ ದೂರದಲ್ಲಿ ನಿಂತು ಲೈಟು ನೋಡಿದಳು. "ಅಪ್ಪಾ, ಎಡಗಡೆಯದ್ದು ಉರಿಯುತ್ತಿಲ್ಲ" ಅಂದಳು. ನಾಳೆ ಬಲ್ಬು ತರಬೇಕು.